ಮೂರನೇ ವರ್ಣತಂತುವಿನ ಸಾಹೇಬರಿಗೆ ಬಹಿರಂಗ ಪತ್ರ

ಮಾನ್ಯ ಬಿಎಪಿ-1 ಜೀನ್ ಸಾಹೇಬರೇ,

ಹತ್ತಿಕುಣಿಯಿಂದ ಶರಣು. ನಮ್ಮೂರಿನ ಪ್ರತಿಯೊಬ್ಬರ ಕಣ್ಣೊಳಗೂ ನೀವು ಡ್ಯೂಟಿಯ ಮೇಲಿದ್ದೀರಿ ಎಂದು ತಿಳಿದು ಸಂತೋಷವಾಯಿತು. ಯಾದಗಿರಿ ಜಿಲ್ಲೆಗೆ ಹಾಕಿದ ಮರುದಿನವೇ ಬೆಂಗಳೂರಿಗೆ ವರ್ಗ ಬೇಡುವ ಅಧಿಕಾರಿಗಳನ್ನು ಕಂಡ ನಮಗೆ, ಹುಟ್ಟಿದಾಗಿನಿಂದ ಒಂದೇ ಕುರ್ಚಿಯಲ್ಲಿ ಕೂತವರು ಅಪರೂಪ. ಅದೂ ಒಂದೇ ಹುದ್ದೆಗೆ ಇಬ್ಬರು: ತಾಯಿ ಕಡೆಯ ಪ್ರತಿ ಒಂದು, ತಂದೆ ಕಡೆಯದು ಇನ್ನೊಂದು.

ನಿಮ್ಮ ಕೆಲಸ ದೊಡ್ಡದು. ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನಿಗೆ ಅಂಟಿದ ಯುಬಿಕ್ವಿಟಿನ್ ಎಂಬ ಚೀಟಿ ಕೀಳುತ್ತೀರಿ. ಯಾವ ಜೀನ್ ಮಾತಾಡಬೇಕು, ಯಾವುದು ಬಾಯಿ ಮುಚ್ಚಬೇಕು ಎಂಬುದಕ್ಕೆ ಅದೂ ಒಂದು ಕಾರಣ. ಕಣ್ಣಿನ ಬಣ್ಣದ ಕೋಶ ತನ್ನ ಕಸುಬು ಮರೆಯದಿರುವುದು ನಿಮ್ಮ ದಯೆಯಿಂದ.

ಕಣ್ಣಿನ ಮೆಲನೋಮಾ ಎಂಬ ಕ್ಯಾನ್ಸರಿನ ಗಲಾಟೆ ಎಬ್ಬಿಸುವವರು ನೀವಲ್ಲ, ಬಲ್ಲೆವು. ಜಿಎನ್‌ಎಕ್ಯೂ ಅಥವಾ ಜಿಎನ್‌ಎ-11 ಎಂಬ ಜೀನ್ ಕೆಟ್ಟು ಕೋಶಕ್ಕೆ ‘ಬೆಳಿ, ಬೆಳಿ’ ಅನ್ನುತ್ತದೆ. ಆದರೆ ಆ ಕೇಡು ಕಣ್ಣಿನ ನಿರುಪದ್ರವಿ ಮಚ್ಚೆಗಳಲ್ಲೂ ಉಂಟು. ಅವುಗಳಲ್ಲಿ ಎಷ್ಟೋ ಜೀವಮಾನವಿಡೀ ಮಚ್ಚೆಯಾಗಿಯೇ ಉಳಿಯುತ್ತವೆ. ಮೂರನೇ ವರ್ಣತಂತುವಿನ ಒಂದು ಪ್ರತಿ ಇಡಿಯಾಗಿ ಕಳೆದು, ಉಳಿದದ್ದರಲ್ಲಿ ನೀವೂ ಕೆಟ್ಟಾಗಲೇ ಮೆಲನೋಮಾ ಹೆಚ್ಚಾಗಿ ಊರು ಬಿಡುವುದು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಹರಡುವ ಜಾತಿಯ 31 ಗೆಡ್ಡೆಗಳಲ್ಲಿ ನಿಮ್ಮ ಹಾಜರಿ ತೆಗೆದರು. 26ರಲ್ಲಿ ನೀವು ಕೆಟ್ಟಿದ್ದಿರಿ. ಇಲ್ಲಿನ ಯಾವ ಇಲಾಖೆಗೂ ಇಷ್ಟು ನಿಖರವಾದ ತಪಾಸಣೆ ಆದದ್ದಿಲ್ಲ ಬಿಡಿ.

ತಪ್ಪನ್ನು ಬಿಸಿಲಿನ ಮೇಲೆ ಹಾಕೋಣವೆಂದರೆ ಅದೂ ಆಗದು. ಹತ್ತಿಕುಣಿ ಡ್ಯಾಮಿನ ನೀರು ಮೇ ತಿಂಗಳಲ್ಲಿ ಕಣ್ಣು ಕುಕ್ಕುತ್ತದೆ, ನಿಜ. ಆದರೆ ಚರ್ಮದ ಮೆಲನೋಮಾದಲ್ಲಿ ಬಿಸಿಲು ಬಿಡುವ ಗುರುತು ಕಣ್ಣಿನ ಹಿಂಭಾಗದ ಗೆಡ್ಡೆಯಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಆ ಗೆಡ್ಡೆಯ ಕೋಶಗಳ ಪ್ರಯಾಣ. ಹಲವು ಸಲ ಗೆಡ್ಡೆ ಪತ್ತೆಯಾಗುವ ಮೊದಲೇ ರಕ್ತ ಹಿಡಿದು ಹೊರಟು, ಹೆಚ್ಚಾಗಿ ಯಕೃತ್ತಿಗೇ ಹೋಗಿ, ವರ್ಷಗಟ್ಟಲೆ ಸುಮ್ಮನೆ ಕೂರುತ್ತವೆ. ಅದಕ್ಕೇ ಕಣ್ಣನ್ನೇ ತೆಗೆದರೂ, ಮಧ್ಯಮ ಗಾತ್ರದ ಗೆಡ್ಡೆಗೆ ವಿಕಿರಣದ ಬಿಲ್ಲೆ ಹೊಲಿದು ಕಣ್ಣು ಉಳಿಸಿದರೂ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹರಡಿದ ಮೇಲಿನ ಚಿಕಿತ್ಸೆಗೆಂದು 2022ರಲ್ಲಿ ಅಮೆರಿಕ ಟೆಬೆಂಟಾಫಸ್ಪ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಷರತ್ತು: ರಕ್ತದಲ್ಲಿ ಎಚ್‌ಎಲ್‌ಎ-ಎ*02:01 ಗುರುತಿರಬೇಕು. ಯುರೋಪ್ ಮೂಲದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಅದಿದೆ, ನಮ್ಮಲ್ಲಿ ಅಷ್ಟಿಲ್ಲ. ನಮ್ಮ ಭಾಗದ ಮೀಸಲಾತಿಯ 371(ಜೆ) ಪ್ರಮಾಣಪತ್ರ ತೋರಿಸಿದರೆ ನಡೆಯುತ್ತದೆಯೇ, ದಯವಿಟ್ಟು ವಿಚಾರಿಸಿ ತಿಳಿಸಿ.

ನಮ್ಮ ಕಪ್ಪು ಕಣ್ಣು ಈ ರೋಗಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ಅಮೆರಿಕದ ಬಿಳಿಯರಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ ಐದಾರು ಮಂದಿ, ಏಷ್ಯಾದಲ್ಲಿ ಒಬ್ಬರಿಗೂ ಕಡಿಮೆ. ಲೆಕ್ಕಕ್ಕೆ ಸಿಗದವರು ಬಜೆಟ್ಟಿಗೂ ಸಿಗುವುದಿಲ್ಲವೆಂಬುದು ನಮಗೆ ಹಳೆಯ ಪಾಠ.

ಆದ್ದರಿಂದ ವಿನಂತಿ ಇಷ್ಟೇ. ಮುಂದಿನ ಕಣ್ಣಿನ ಶಿಬಿರದಲ್ಲಿ ಪೊರೆ ನೋಡಿ ಕಳಿಸುವ ಬದಲು ಹನಿ ಹಾಕಿ ಪಾಪೆ ಹಿಗ್ಗಿಸಿ ಒಳಗೂ ನೋಡಿ ಎಂದು ಡಾಕ್ಟರರಿಗೆ ಹೇಳುವವರಿದ್ದೇವೆ. ಗೆಡ್ಡೆ ನೋವಿಲ್ಲದೆ ಬೆಳೆಯುತ್ತದಂತೆ. ಅಲ್ಲಿಯವರೆಗೆ ತಮಗೆ ರಜೆ ಬೇಕಾದಲ್ಲಿ ಮುಂಗಡ ಅರ್ಜಿ ಸಲ್ಲಿಸತಕ್ಕದ್ದು.

ಇಂತಿ,
ತಮ್ಮ ಅಧೀನದ ಹತ್ತಿಕುಣಿ ನಿವಾಸಿ