ಎಪ್ಪತ್ತೇಳು ಮಾರ್ಕ್ಸಿನ ಸೀಮೆ

ದೇಶಗಳ ಸ್ವಭಾವಕ್ಕೂ ಮಾರ್ಕ್ಸ್ ಹಾಕಬಹುದು ಎಂದು ತೋರಿಸಿದವರು ಹಾಲೆಂಡಿನ ಗೀರ್ಟ್ ಹಾಫ್‌ಸ್ಟೆಡ್. ಐಬಿಎಂ ನೌಕರರಿಂದ ಲಕ್ಷಕ್ಕೂ ಮಿಕ್ಕಿ ಪ್ರಶ್ನಾವಳಿ ತುಂಬಿಸಿಕೊಂಡು, ಕೂಡಿ ಕಳೆದು, 1980ರಲ್ಲಿ ದಪ್ಪ ಪುಸ್ತಕ ಬರೆದರು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಇರುವುದನ್ನು ಜನ ಎಷ್ಟು ಸಲೀಸಾಗಿ ಒಪ್ಪುತ್ತಾರೆ ಎನ್ನುವ ವಿಷಯದಲ್ಲಿ ಸ್ವೀಡನ್ನಿಗೆ 31, ಜಪಾನಿಗೆ 54, ನಮಗೆ 77. ಡಿಸ್ಟಿಂಕ್ಷನ್ನೇ. ಆದರೆ ಮನೆಯಲ್ಲಿ ಹೇಳಿಕೊಳ್ಳುವ ಹಾಗಿಲ್ಲ. ಇಂಡಿಯಾದ ಸ್ವಭಾವವನ್ನು ಅಳೆಯಲು ಒದಗಿಬಂದ ಆ ಐಬಿಎಂ ಮಾತ್ರ, ಇಂಡಿಯಾ ಸರ್ಕಾರದ ಸ್ವಭಾವ ಸರಿಹೋಗದೆ 1978ರಲ್ಲಿ ಗಂಟುಮೂಟೆ ಕಟ್ಟಿತು.

ಪರೀಕ್ಷೆ ಬರೆದ ದೇಶಗಳೆಲ್ಲ ಒಟ್ಟಿಗೆ ಕೂತಿದ್ದನ್ನು ನೋಡಬೇಕಾದರೆ ಜಿನೀವಾಕ್ಕೆ ಹೋಗಬೇಕಿಲ್ಲ, ನರಸಾಪುರಕ್ಕೆ ಬಂದರೆ ಸಾಕು. ಬೆಂಗಳೂರು–ಕೋಲಾರ ಹೆದ್ದಾರಿಯ ಮಗ್ಗುಲಲ್ಲಿ 2013ರಲ್ಲಿ ಜಪಾನಿನ ಹೋಂಡಾ ಸ್ಕೂಟರು ಮಾಡಲು ಕೂತಿತು. ಅದೇ ವರ್ಷ ಸ್ವೀಡನ್ನಿನ ಸ್ಕ್ಯಾನಿಯಾ ಬಂತು. ಆಮೇಲೆ ತೈವಾನಿನ ವಿಸ್ಟ್ರಾನ್ ಬಂದು ಐಫೋನು ಜೋಡಿಸತೊಡಗಿತು. ಕೋಳಿ ಕೂಗುವ ಹೊತ್ತಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಕಂಪನಿ ಬಸ್ಸುಗಳು ನಿದ್ದೆಗಣ್ಣಿನ ಹುಡುಗ ಹುಡುಗಿಯರನ್ನು ತುಂಬಿಕೊಂಡು ಅತ್ತ ಓಡುತ್ತವೆ. ಪರದೇಶದ ಮ್ಯಾನೇಜರು ನಮ್ಮ ಜಿಲ್ಲೆಗೆ ಹೊಸಬನೇನಲ್ಲ. 1880ರಲ್ಲೇ ಜಾನ್ ಟೇಲರ್ ಕಂಪನಿ ನಮ್ಮ ಚಿನ್ನದ ಗಣಿಗೆ ಇಳಿದಿತ್ತು. ಆದರೆ ಆ ಸಾಹೇಬರು ತಮ್ಮ ಕ್ಲಬ್ಬಿನಲ್ಲಿ ತಾವು ಇರುತ್ತಿದ್ದರು. ಈಗಿನವರು ತಟ್ಟೆ ಹಿಡಿದು ನಮ್ಮ ಹಿಂದೆ ಬಂದು ನಿಲ್ಲುತ್ತಾರೆ. ತೊಂದರೆ ಶುರುವಾದದ್ದು ಅಲ್ಲಿಂದ.

ನಮ್ಮಣ್ಣ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವನು. ಅಲ್ಲಿದ್ದದ್ದು ಒಂದೇ ಕುರ್ಚಿ, ಓನರದ್ದು. ಓನರು ಇಲ್ಲದಾಗಲೂ ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಅವನ ಮಗನಿಗೆ ಒಂದು ಜಪಾನಿ ಕಂಪನಿಯಲ್ಲಿ ಕೆಲಸವಾಯಿತು. ಮೊದಲ ದಿನವೇ ಕ್ಯಾಂಟೀನ್ ಕ್ಯೂನಲ್ಲಿ ಅವನ ಬೆನ್ನಿಗೆ ಪ್ಲಾಂಟಿನ ದೊಡ್ಡ ಸಾಹೇಬ. ಹುಡುಗ ನಡುಗಿ ‘ನೀವು ಮುಂದೆ ಬನ್ನಿ ಸಾರ್’ ಎಂದು ಪಕ್ಕಕ್ಕೆ ಸರಿದ. ಸಾಹೇಬ ತಲೆ ಬಗ್ಗಿಸಿ ಒಂದು ಹೆಜ್ಜೆ ಹಿಂದೆ ಹೋದ. ಇವನು ಇನ್ನೂ ಹಿಂದೆ. ಅವನು ಅದಕ್ಕಿಂತ ಹಿಂದೆ. ಸಾರು ಬಡಿಸುವವನು ಸೌಟು ಎತ್ತಿ ಹಿಡಿದು ಕಾಯುತ್ತಿದ್ದ. ಕೊನೆಗೆ ಇಬ್ಬರಿಗೂ ಪಲ್ಯ ಸಿಗಲಿಲ್ಲವಂತೆ.

ಹೋಂಡಾದಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಒಂದೇ ಬಿಳಿ ಯೂನಿಫಾರಂ ಎನ್ನುವುದು ಲೋಕಕ್ಕೇ ಗೊತ್ತು. ಇವನ ಕಂಪನಿಯದೂ ಹೆಚ್ಚು ಕಡಿಮೆ ಅದೇ ಪದ್ಧತಿ. ಮುಳಬಾಗಿಲಿನಿಂದ ಹೆಣ್ಣಿನ ಕಡೆಯವರು ಬಂದಾಗ ಅವನ ಡ್ಯೂಟಿ ಫೋಟೋ ತೋರಿಸಿದೆವು. ಮಾವನಾಗಲಿದ್ದವರು ಕನ್ನಡಕ ಏರಿಸಿ, ಇಳಿಸಿ ನೋಡಿದರು. ‘ಇದರಲ್ಲಿ ಆಫೀಸರ್ ಯಾರು, ಲೇಬರ್ ಯಾರು?’ ಎಂದರು. ಗೊತ್ತಾಗುವುದಿಲ್ಲ ಎಂದ ಇವನು, ಅದೇ ಕಂಪನಿಯ ಹೆಚ್ಚುಗಾರಿಕೆ ಎನ್ನುವ ಧಾಟಿಯಲ್ಲಿ. ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. ಎಪ್ಪತ್ತೇಳು ಮಾರ್ಕ್ಸಿನ ಅರ್ಥ ನನಗೆ ಪೂರ್ತಿ ಆದದ್ದು ಆ ತಟ್ಟೆಯ ಸದ್ದಿನಲ್ಲಿ.

ಜಪಾನಿಗಳ ಇನ್ನೊಂದು ವಿದ್ಯೆ, ಐದು ಸಲ ‘ಯಾಕೆ’ ಎನ್ನುವುದು. ಟೊಯೋಟಾದ ತೈಚಿ ಓನೋ ಬೆಳೆಸಿದ ಪದ್ಧತಿ. ಯಂತ್ರ ಕೆಟ್ಟರೆ ಯಾಕೆ, ಅದು ಯಾಕೆ, ಅದಾದರೂ ಯಾಕೆ ಎಂದು ಬುಡ ಮುಟ್ಟುವವರೆಗೂ ಕೆದಕಬೇಕು. ನಾವು ಬೆಳೆದ ಮನೆಗಳಲ್ಲಿ ಎರಡನೇ ‘ಯಾಕೆ’ಗೇ ಬೆನ್ನಿಗೆ ಬೀಳುತ್ತಿತ್ತು. ಹುಡುಗ ಟ್ರೈನಿಂಗ್ ಮುಗಿಸಿ ಬಂದವನೇ ಅಜ್ಜಿಯ ಮೇಲೆ ಪ್ರಯೋಗಿಸಿದ. ಸಾರು ಉಪ್ಪಾಗಿದೆ, ಯಾಕೆ? ಎರಡು ಸಲ ಬಿತ್ತು. ಯಾಕೆ? ಕಣ್ಣು ಕಾಣಲಿಲ್ಲ. ಯಾಕೆ? ಕರೆಂಟಿರಲಿಲ್ಲ. ಯಾಕೆ? ‘ನಿನ್ನ ಕಂಪನಿಗೆ ಇಪ್ಪತ್ತನಾಲ್ಕು ಗಂಟೆ ಕೊಡಬೇಕಲ್ಲ, ಅದಕ್ಕೆ.’ ಐದನೆಯದನ್ನು ಅವನು ಕೇಳಲಿಲ್ಲ.

ಮುಂದೆ ಏನಾಗುತ್ತದೋ ಎನ್ನುವ ಅಂಜಿಕೆಗೂ ಹಾಫ್‌ಸ್ಟೆಡ್ ಮಾರ್ಕ್ಸ್ ಕೊಟ್ಟಿದ್ದಾರೆ. ಜಪಾನಿಗೆ 92, ಇಂಡಿಯಾಕ್ಕೆ 40. ಕೋಲಾರದ ಮಟ್ಟಿಗೆ ನಲವತ್ತು ಬಹಳ ಉದಾರ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ಬಂದವನು ‘ಇಲ್ಲೇ ಪಾಯಿಂಟು’ ಎಂದರೆ, ಸಾಲ ಮಾಡಿ ಸಾವಿರದೈನೂರು ಅಡಿ ಕೊರೆಸುವವರು ನಾವು. ಬರೀ ಧೂಳು ಬಂದರೆ ಇಪ್ಪತ್ತು ಮಾರು ಆಚೆ ಇನ್ನೊಂದು ಕಾಯಿ. ನೀರು ಸಿಕ್ಕರೆ ಟೊಮೆಟೊ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿತು. ತೋಟಕ್ಕೆ ರಾತ್ರಿ ಕಾವಲು ಹಾಕಿದರು. ಬೇರೆ ವರ್ಷ ಅದೇ ಹಣ್ಣನ್ನು ರಸ್ತೆ ಬದಿ ಸುರಿದು, ಖಾಲಿ ಬಾಕ್ಸು ಹೊತ್ತು ಮನೆಗೆ ಬಂದದ್ದೂ ಉಂಟು. ಹಾಗೆ ಬಂದವರು ಸಂಜೆಗೆ ನರ್ಸರಿಯಲ್ಲಿ ಸಸಿಗೆ ಅಡ್ವಾನ್ಸ್ ಕೊಡುತ್ತಾರೆ. ಈ ಮನೆಯ ಹುಡುಗನಿಗೆ ಹೋಗಿ ಮೂರು ತಿಂಗಳ ಪ್ರೊಡಕ್ಷನ್ ಪ್ಲಾನು ತೋರಿಸಿದರೆ ಅವನಿಗೆ ಅದು ಜಾತಕ ಕಂಡ ಹಾಗೆ ಕಾಣುತ್ತದೆ. ಗೌರವ ಇದೆ, ನಂಬಿಕೆ ಅಷ್ಟಕ್ಕಷ್ಟೆ.

ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವವರನ್ನು ಕಂಡರೆ ಮಾತ್ರ ನನಗಾಗದು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾದಾಗ, ತೈವಾನಿನ ಶಿಸ್ತಿಗೂ ನಮ್ಮವರ ಸ್ವಭಾವಕ್ಕೂ ತಾಳೆಯಾಗಲಿಲ್ಲ ಎಂದು ವ್ಯಾಖ್ಯಾನ ಮಾಡಿದ ಪಂಡಿತರಿದ್ದರು. ಒಡೆದದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಜಗಳ ಸಂಬಳದ್ದು. ಕೆಲವು ಕಾರ್ಮಿಕರಿಗೆ ಹಣ ಸರಿಯಾಗಿ, ಸಕಾಲಕ್ಕೆ ಸಂದಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು, ಇಂಡಿಯಾ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ತಿಂಗಳ ಕೊನೆಗೆ ಅಕೌಂಟಿನಲ್ಲಿ ದುಡ್ಡು ಕಾಣದಿದ್ದರೆ ತೈಪೆಯವನ ಸಂಸ್ಕೃತಿಗೂ ಮಾಲೂರಿನವನ ಸಂಸ್ಕೃತಿಗೂ ಕೂದಲೆಳೆಯ ವ್ಯತ್ಯಾಸವಿರುವುದಿಲ್ಲ. ಆ ಕಾರ್ಖಾನೆ ಈಗ ಟಾಟಾದವರದ್ದು.

ಇನ್ನು ಸ್ವಭಾವ ಒಂದೇ ಆಗಿಬಿಟ್ಟರೆ ವ್ಯಾಪಾರ ಹೂವೆತ್ತಿದ ಹಾಗೆ ಎನ್ನುವವರು ಶ್ರೀನಿವಾಸಪುರಕ್ಕೆ ಬರಲಿ. ಇಲ್ಲಿ ಮಾವು ಹೂ ಬಿಟ್ಟಾಗಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುವುದುಂಟು. ಕಾಯಿ ಇನ್ನೂ ದೇವರ ಮನಸ್ಸಿನಲ್ಲಿರುತ್ತದೆ, ಅಡ್ವಾನ್ಸ್ ಆಗಲೇ ಕೈ ಬದಲಾಯಿಸಿರುತ್ತದೆ. ಯುರೋಪಿನ ವಕೀಲನೊಬ್ಬ ಎದುರಿಗಿದ್ದರೆ ನೀರು ಚಿಮುಕಿಸಿ ಎಬ್ಬಿಸಬೇಕು. ಇಲ್ಲಿನ ತೋತಾಪುರಿ ಗಡಿ ದಾಟಿ ಚಿತ್ತೂರಿನ ತಿರುಳಿನ ಫ್ಯಾಕ್ಟರಿಗಳಿಗೆ ಹೋಗುತ್ತದೆ, ತಿರುಳು ಡಬ್ಬಿ ಸೇರಿ ಕೊಲ್ಲಿ ದೇಶಗಳವರೆಗೆ ಸಾಗುತ್ತದೆ. ಅರಬರಿಗೆ ತಕರಾರಿಲ್ಲ. ತಕರಾರು ಬಂದದ್ದು 2025ರ ಜೂನ್‌ನಲ್ಲಿ, ಪಕ್ಕದ ಚಿತ್ತೂರಿನಿಂದ. ಹೊರ ರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಅಲ್ಲಿನ ಜಿಲ್ಲಾಡಳಿತ ತಡೆದುಬಿಟ್ಟಿತು. ನಮ್ಮ ಮುಖ್ಯಮಂತ್ರಿ ಅವರ ಮುಖ್ಯಮಂತ್ರಿಗೆ ಕಾಗದ ಬರೆಯಬೇಕಾಯಿತು.

ಗಡಿಯ ಆಚೆಗೂ ಅದೇ ಮುದ್ದೆ, ಅದೇ ಮಣ್ಣು, ಅದೇ ತೆಲುಗು. ನಮ್ಮ ಬೀದಿಯ ಮಾವಿನ ವ್ಯಾಪಾರಿಯೊಬ್ಬರ ಬೀಗರೇ ಆ ಕಡೆಯವರು. ಆ ವಾರವೆಲ್ಲ ಇಬ್ಬರೂ ಫೋನಿನಲ್ಲಿ ಒಬ್ಬರನ್ನೊಬ್ಬರು, ಆಮೇಲೆ ಸೇರಿಕೊಂಡು ಎರಡೂ ಸರ್ಕಾರಗಳನ್ನು ಬೈದರು. ದುಭಾಷಿಯ ಖರ್ಚೊಂದು ಉಳಿಯಿತು.