ಫ್ಯಾಂಟಮ್ ಮಾರಿದ ರಾಯರು

ಚಾಮರಾಜಪೇಟೆ, ಬಸವನಗುಡಿ ಕಡೆಯ ಹಳೇ ಮನೆಗಳಲ್ಲಿ ಬಿಲ್ಡರ್ ಜೊತೆ ಅಗ್ರಿಮೆಂಟ್ ಆಯಿತೆಂದರೆ ಮಾರನೆಯ ವಾರದಿಂದಲೇ ಅಪರಿಚಿತರ ಸಂಚಾರ ಶುರುವಾಗುತ್ತದೆ. ಮೊದಲು ಬರುವವನು ತೇಗದ ಬಾಗಿಲು, ಕಿಟಕಿ ನೋಡುವವನು. ಅವನು ಮನೆಯವರ ಮುಖ ನೋಡುವುದಿಲ್ಲ. ಚೌಕಟ್ಟನ್ನು ಉಗುರಿನಿಂದ ಕೆರೆದು, ಮೂಗು ಮುರಿದು, ಕಡಿಮೆ ರೇಟು ಹೇಳುತ್ತಾನೆ. ಅವನ ಹಿಂದೆಯೇ ತಾಮ್ರ, ಹಿತ್ತಾಳೆಯವನು. ಕೊನೆಗೆ ಗುಜರಿಯವನು. ಈ ಮೂವರೂ ಹೊತ್ತುಕೊಂಡು ಹೋದ ಮೇಲೂ ಅಟ್ಟದ ಮೇಲೆ ಒಂದಿಷ್ಟು ಉಳಿದಿರುತ್ತದೆ. ಅದನ್ನು ತೂಕಕ್ಕೆ ಹಾಕಲು ಯಜಮಾನರಿಗೆ ಮನಸ್ಸಿಲ್ಲ, ಹೊಸ ಫ್ಲಾಟಿಗೆ ಸಾಗಿಸಲು ಯಜಮಾನಿತಿ ಒಪ್ಪುವುದಿಲ್ಲ. ಆಗ ಯಾರೋ ಒಬ್ಬರು, ‘ಬಸವನಗುಡೀಲಿ ಒಬ್ಬರಿದ್ದಾರೆ, ಅವರಿಗೆ ಹಳೇ ಪುಸ್ತಕದ ಹುಚ್ಚು’ ಎಂದು ನನ್ನ ನಂಬರು ಕೊಡುತ್ತಾರೆ.

ರಾಯರ ವಿಷಯದಲ್ಲಿ ಫೋನ್ ಮಾಡಿದವರು ಅವರ ಮನೆಯಾಕೆ. ‘ಇವರ ಬೊಂಬೆ ಪುಸ್ತಕಗಳಿವೆ, ಮೂರು ಟ್ರಂಕು. ಬೇಗ ಬನ್ನಿ, ಇವರ ಮನಸ್ಸು ಬದಲಾಗೋದ್ರೊಳಗೆ’ ಅಂದರು. ರಾಯರು ಬ್ಯಾಂಕಿನಿಂದ ನಿವೃತ್ತರಾಗಿ ಬಹಳ ವರ್ಷವಾದ ಮನುಷ್ಯ. ಬೊಂಬೆ ಪುಸ್ತಕ ಅನ್ನುವ ಮಾತು ಅವರಿಗೆ ಹಿಡಿಸಲಿಲ್ಲ. ‘ಕಾಮಿಕ್ಸ್ ಅನ್ನು’ ಎಂದು ಒಳಗಿನಿಂದಲೇ ತಿದ್ದಿದರು.

ಟ್ರಂಕಿನ ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆ, ಬಜೆ, ಹಳೇ ಕಾಗದ ಮೂರೂ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಚಂದಮಾಮ. ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ಶುರುಮಾಡಿದ ಈ ಪತ್ರಿಕೆ ಕನ್ನಡಕ್ಕೆ ಬಂದದ್ದು 1949ರಲ್ಲಿ. ರಾಯರು ಹುಟ್ಟಿದ್ದೂ ಅದೇ ವರ್ಷ. ಆದ್ದರಿಂದ ಅದನ್ನು ತಮ್ಮ ದಾಯಾದಿಯ ಹಾಗೆ, ಸ್ವಲ್ಪ ಸಲಿಗೆಯಿಂದಲೂ ಸ್ವಲ್ಪ ಮತ್ಸರದಿಂದಲೂ ಮಾತಾಡಿಸುತ್ತಿದ್ದರು. ಮಹಾಭಾರತದ ಮುಖಪುಟವಿದ್ದ ಒಂದು ಹಳೇ ಸಂಚಿಕೆಯನ್ನು ಎತ್ತಿ, ‘ನಮ್ಮ ಎಂ.ಟಿ.ವಿ. ಆಚಾರ್ಯರದು’ ಅಂದರು. ಆ ‘ನಮ್ಮ’ ಅನ್ನುವುದರಲ್ಲಿ ಇಡೀ ಊರಿನ ಹಕ್ಕುಪತ್ರವಿತ್ತು. ಆಚಾರ್ಯರು ಆಮೇಲೆ ಬೆಂಗಳೂರಿಗೆ ಬಂದು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದವರು. ಶಂಕರ್ ಬರೆದ ವಿಕ್ರಮ, ಹೆಗಲ ಮೇಲೆ ಬೇತಾಳ, ಕೈಯಲ್ಲಿ ಕತ್ತಿ, ತಿಂಗಳು ತಿಂಗಳೂ ಅದೇ ಸ್ಮಶಾನದಲ್ಲಿ ಹೆಜ್ಜೆಯಿಡುತ್ತಿದ್ದ. ಅಷ್ಟು ಸಾರಿ ಮೌನ ಮುರಿದು ಕೆಲಸ ಕೆಡಿಸಿಕೊಂಡರೂ ಪಾಠ ಕಲಿಯದ ರಾಜ ಅವನೊಬ್ಬನೇ ಎಂದು ರಾಯರ ಅಭಿಪ್ರಾಯ. ಬ್ಯಾಂಕಿನ ಮೀಟಿಂಗುಗಳಲ್ಲಿ ಅವರು ಬಾಯಿ ಬಿಡದೆ ಕೂರುತ್ತಿದ್ದುದು ಇದರಿಂದಲೇ ಅಂತೆ.

ಎರಡನೆಯ ಟ್ರಂಕು ಪೂರ್ತಿ ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚ್‌ನಲ್ಲಿ ಶುರುಮಾಡಿ 1990ರಲ್ಲಿ ನಿಲ್ಲಿಸಿದ್ದು. ಮೊದಲ ಮೂವತ್ತೆರಡು ಸಂಚಿಕೆಗಳೂ ಫ್ಯಾಂಟಮ್‌ನವೇ. ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಎಲ್ಲ ಆಮೇಲೆ ಬಂದ ಬಾಡಿಗೆದಾರರು. ನಮ್ಮವನೇ ಆದ ಬಹಾದೂರ್, ಅಬೀದ್ ಸೂರ್ತಿ ಹುಟ್ಟಿಸಿದವನು, ಕುರ್ತಾ–ಜೀನ್ಸ್ ತೊಟ್ಟು ಡಕಾಯಿತರನ್ನು ಹಿಡಿಯಲು ಬಂದದ್ದು 1976ರಲ್ಲಿ. ಇಂಗ್ಲಿಷ್ ಮೂಲದಲ್ಲಿ ಫ್ಯಾಂಟಮ್‌ನ ಕಾಡಿಗೆ ಇದ್ದ ಹೆಸರು ನಮ್ಮ ಬಂಗಾಳವನ್ನು ನೆನಪಿಸುವಂತಿತ್ತು. ಅದು ಬೇಡವೆಂದು ಇಲ್ಲಿಯ ಸಂಪಾದಕರು ‘ಡೆಂಕಾಲಿ’ ಮಾಡಿದರು. ‘ನಾವು ಅದನ್ನು ದೆಂಕಣಿಕೋಟೆ ಅಂತಲೇ ತಿಳಿದಿದ್ದೆವು ಸ್ವಾಮಿ’ ಅಂದರು ರಾಯರು. ‘ಹೊಸೂರು ದಾಟಿದರೆ ಕಾಡು, ಕಾಡಿದ್ದಲ್ಲಿ ಆನೆ, ಆನೆ ಇದ್ದಲ್ಲಿ ಫ್ಯಾಂಟಮ್. ನಮ್ಮ ಚಿಕ್ಕಪ್ಪ ಹೊಸೂರಿಗೆ ವರ್ಗ ಆದಾಗ ನಾನು ಅವರಿಗೆ ಕೊಟ್ಟ ಗೌರವ ಅವರ ಮಕ್ಕಳೂ ಕೊಟ್ಟಿರಲಿಲ್ಲ.’

ವ್ಯಾಪಾರದ ಮಾತಿಗೆ ಬಂದಾಗ ರಾಯರು ಮೊಬೈಲ್ ತೆಗೆದರು. ನ್ಯೂಜೆರ್ಸಿಯ ಮಗ ಕಳಿಸಿದ್ದ ಸುದ್ದಿ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ ಸೂಪರ್‌ಮ್ಯಾನ್‌ನ ಮೊದಲ ಪುಸ್ತಕದ ಒಂದು ಪ್ರತಿ 2024ರಲ್ಲಿ ಅರವತ್ತು ಲಕ್ಷ ಡಾಲರಿಗೆ ಹರಾಜಾಯಿತಂತೆ. ಅದನ್ನು ನನಗೆ ಓದಲು ಕೊಟ್ಟು, ತಾವು ಏನೂ ಹೇಳದೆ, ಕನ್ನಡಕ ಒರೆಸಿಕೊಂಡರು. ಅಮೆರಿಕದಲ್ಲಿ ಹಳೇ ಕಾಮಿಕ್ಸಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮೊಹರು ಮಾಡಿ ಕೊಡುವ ಕಂಪನಿಗಳಿವೆ, ಒಂದು ಮಡಿಕೆ ಬಿದ್ದಿದ್ದರೂ ಅಂಕ ಕಡಿತ, ಎಂದು ನಾನು ವಿವರಿಸಿದೆ. ಆಮೇಲೆ ಇಬ್ಬರೂ ಟ್ರಂಕಿನ ಕಡೆ ನೋಡಿದೆವು. ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ನಡುಪುಟದಲ್ಲಿ ಕಂದು ಕಣ್ಣು ಬಿಟ್ಟಿದ್ದವು. ಒಂದು ಸಂಚಿಕೆಯ ಹಿಂಬದಿಯ ಕೂಪನ್ನನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು. ಆ ಕಿಟಕಿಯಿಂದ ಹಿಂದಿನ ಪುಟದ, ಫ್ಯಾಂಟಮ್‌ನ ಹುಡುಗಿ ಡಯಾನಾಳ ಅರ್ಧ ಮುಖ ಇಣುಕುತ್ತಿತ್ತು. ಮ್ಯಾಂಡ್ರೇಕ್‌ನ ಮೀಸೆಯನ್ನು ಇಂಕ್ ಪೆನ್ನಿನಿಂದ ಗಿರಿಜಾ ಮೀಸೆ ಮಾಡಲಾಗಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯ ನೇರಳೆ ಮೊಹರು ಖಳನಾಯಕನ ಹಣೆಯ ಮೇಲೇ ಬಿದ್ದಿತ್ತು. ಇನ್ನೊಂದು ಕಟ್ಟನ್ನು ಬೈಂಡು ಹಾಕಿಸಿದ್ದರು. ಬೈಂಡಿನವನು ಅಂಚು ಸಮ ಮಾಡುವ ಭರದಲ್ಲಿ ಮೇಲಿನ ಸಾಲಿನ ಮಾತುಗಳ ತಲೆಯನ್ನೆಲ್ಲ ಹಾರಿಸಿದ್ದ. ನಮ್ಮ ಮನೆಗಳಲ್ಲಿ ಪುಸ್ತಕದ ಮೇಲೆ ಪ್ರೀತಿ ಇದ್ದವರೇ ಬೈಂಡು ಹಾಕಿಸುತ್ತಿದ್ದರು. ಸಂಗ್ರಹಕಾರರ ಮಾರುಕಟ್ಟೆಯಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಬೇರೆಯಿಲ್ಲ.

ಕೊನೆಗೆ ಹನ್ನೆರಡು ಸಾವಿರಕ್ಕೆ ಒಪ್ಪಂದವಾಯಿತು. ಒಪ್ಪಂದವಾದ ಕ್ಷಣದಿಂದ ರಾಯರು ಒಂದೊಂದೇ ಪುಸ್ತಕ ಹಿಂದಕ್ಕೆ ತೆಗೆಯತೊಡಗಿದರು. ‘ಇದೊಂದು ಇರಲಿ, ಮೊಮ್ಮಗನಿಗೆ.’

‘ಅವನಿಗೆ ಕನ್ನಡ ಎಲ್ಲಿ ಬರತ್ತೆ?’ ಎಂದು ಒಳಗಿನಿಂದ ಬಂತು.

‘ಚಿತ್ರ ನೋಡ್ತಾನೆ.’

ಹೀಗೆ ಚಿತ್ರ ನೋಡಲಿಕ್ಕೆಂದು ಹೋದವುಗಳಿಂದ ಒಂದು ಚೀಲ ತುಂಬಿತು. ರೇಟು ಮಾತ್ರ ಹನ್ನೆರಡು ಸಾವಿರದಿಂದ ಅಲ್ಲಾಡಲಿಲ್ಲ.

ಮೂರನೆಯ ಟ್ರಂಕು ಮಿಶ್ರಬೆಳೆ. ಸುಧಾದಿಂದ ಕತ್ತರಿಸಿ ದಾರದಲ್ಲಿ ಹೊಲಿದ ಧಾರಾವಾಹಿಗಳು, ರಾಷ್ಟ್ರೋತ್ಥಾನದ ಅಂಗೈಯಗಲದ ಭಾರತ ಭಾರತಿ ಪುಸ್ತಕಗಳು, ಅಡಿಯಲ್ಲಿ ಅಮರ ಚಿತ್ರಕಥೆ. ಅಮರ ಚಿತ್ರಕಥೆ ಅಂದರೆ ಎಲ್ಲರೂ ಅನಂತ ಪೈ ಅನ್ನುತ್ತಾರೆ. ಕಾರ್ಕಳದಲ್ಲಿ ಹುಟ್ಟಿ ಮುಂಬೈಯಲ್ಲಿ ಬೆಳೆದವರು. ದೆಹಲಿಯ ಟಿವಿ ಕ್ವಿಜ್ಜಿನಲ್ಲಿ ಗ್ರೀಕ್ ದೇವತೆಗಳ ಹೆಸರು ಹೇಳಿದ ಮಕ್ಕಳು ರಾಮನ ತಾಯಿ ಯಾರೆಂದಾಗ ತಡವರಿಸಿದ್ದನ್ನು 1967ರಲ್ಲಿ ಅವರು ಕಂಡ ಕಥೆಯೂ ಎಲ್ಲರಿಗೂ ಗೊತ್ತು. ಆದರೆ ಇಂಗ್ಲಿಷ್ ಸರಣಿ ಹನ್ನೊಂದನೆಯ ನಂಬರಿನ ‘ಕೃಷ್ಣ’ನಿಂದ ಶುರುವಾಗುತ್ತದೆ. ಒಂದರಿಂದ ಹತ್ತು ಎಲ್ಲಿ ಹೋದವು ಎಂದು ಎಷ್ಟೋ ಸಂಗ್ರಹಕಾರರು ತಲೆ ಕೆಡಿಸಿಕೊಂಡಿದ್ದಾರೆ. ಅವು ಎಲ್ಲಿಯೂ ಹೋಗಿಲ್ಲ, ಕನ್ನಡದಲ್ಲಿ ಇದ್ದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ 1965ರಲ್ಲೇ ಹತ್ತು ಪುಸ್ತಕ ತಂದಿದ್ದರು. ಅವು ಚೆನ್ನಾಗಿ ಮಾರಾಟವಾದ್ದರಿಂದಲೇ ಮುಂಬೈಯ ಕಚೇರಿ ಇಂಗ್ಲಿಷಿಗೆ ಕೈ ಹಾಕಿದ್ದು ಎಂದು ಅನಂತರಾಮ್ ಹೇಳುತ್ತಿದ್ದರು.

ಇದರಲ್ಲಿ ನನಗೆ ಅತ್ಯಂತ ಖುಷಿ ಕೊಡುವುದು ಆ ಹತ್ತರ ಒಳಗಿನ ಸರಕು. ಸಿಂಡ್ರೆಲ್ಲಾ, ಪಿನೋಕಿಯೋ, ಸ್ನೋ ವೈಟ್, ಮೂರು ಹಂದಿಮರಿಗಳು! ದೇಶಕ್ಕೆಲ್ಲ ರಾಮ ಕೃಷ್ಣರನ್ನು ಹಂಚಿದ ಸರಣಿಗೆ ಬೆಂಗಳೂರಿನಲ್ಲಿ ನಾಂದಿ ಹಾಡಿದ್ದು ಗಾಜಿನ ಚಪ್ಪಲಿ ಕಳಕೊಂಡ ಹುಡುಗಿ. ರಾಯರ ಟ್ರಂಕಿನಲ್ಲಿ ಆ ಹತ್ತರಲ್ಲಿ ಒಂದಾದರೂ ಸಿಕ್ಕೀತೆಂದು ನಾನು ತಳದವರೆಗೂ ಕೈ ಹಾಕಿದೆ. ಸಿಕ್ಕಿದ್ದು ‘ಕೃಷ್ಣ’, ಅದೂ ಮುಖಪುಟವಿಲ್ಲದ್ದು. ‘ಒಂದರಿಂದ ಹತ್ತು ನನ್ನ ಹತ್ತಿರ ಇತ್ತು. ಓದಿ ಕೊಡ್ತೀನಿ ಅಂತ ತಗೊಂಡು ಹೋದರು’ ಅಂದರು ರಾಯರು. ಯಾರು ಎಂದು ಕೇಳಿದೆ. ‘ಬಿಡಿ, ಅವರೀಗ ಇಲ್ಲ’ ಎಂದು ಇಡೀ ಮನುಕುಲವನ್ನೇ ಕ್ಷಮಿಸಿದವರ ಹಾಗೆ ಕೈಯಾಡಿಸಿದರು.

ಮನೆಗೆ ತಂದು ಹಾಲಿನಲ್ಲಿ ಚಾಪೆ ಹಾಸಿ ವಿಂಗಡಿಸಲು ಕೂತೆ. ಇಂದ್ರಜಾಲವನ್ನು ನಂಬರಿನ ಪ್ರಕಾರ ಜೋಡಿಸುವುದು ಸುಲಭವೆಂದು ಕಾಣುತ್ತದೆ, 443ರವರೆಗೆ ಸುಲಭವೇ. ಅಲ್ಲಿಂದ ಮುಂದೆ ಪ್ರಕಾಶಕರಿಗೆ ಏನು ತೋಚಿತೋ, ಸಂಪುಟ 20, ಸಂಚಿಕೆ 1 ಎಂದು ಹೊಸ ಲೆಕ್ಕ ಶುರುಮಾಡಿಬಿಟ್ಟರು. ಒಟ್ಟು 803 ಸಂಚಿಕೆ. ಅರ್ಧಕ್ಕಿಂತ ಸ್ವಲ್ಪ ಆಚೆ ಪಂಚಾಂಗವೇ ಬದಲು. ಅಷ್ಟರಲ್ಲಿ ಬಹುತೇಕ ಮುಖಪುಟಗಳ ಮೂಲೆಯಲ್ಲಿ ಕೆಂಪು ಇಂಕಿನ ಪುಟ್ಟ ಅಕ್ಷರಗಳು ಕಂಡವು. ಶಂ–ಡಾ. ಗಾಂ–ಹೂ. ಮ–8–ಅತ್ತೆ. ಬ್ಯಾಂಕಿನವರ ಗುಪ್ತ ಲಿಪಿಯೇ ಇರಬೇಕೆಂದು ಫೋನ್ ಮಾಡಿದೆ.

‘ಅದಾ? ಯಾರ ಮನೇದು ಅಂತ ಗುರುತು’ ಅಂದರು. ಶಂಕರಪುರದ ಡಾಕ್ಟರ ಮನೆಯಿಂದ ಬಂದದ್ದು ಶಂ–ಡಾ. ಗಾಂಧಿಬಜಾರಿನ ಹೂವಿನ ಅಂಗಡಿ ಹುಡುಗನದು ಗಾಂ–ಹೂ. ಮಲ್ಲೇಶ್ವರ ಎಂಟನೇ ಕ್ರಾಸಿನ ಸೋದರತ್ತೆಯ ಮಕ್ಕಳಿಂದ ತಂದದ್ದು ಕೊನೆಯದು.

‘ಅಂದರೆ ಕೊಂಡದ್ದು ಯಾವುದು ರಾಯರೇ?’

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ‘ಗುರುತು ಇಲ್ಲದ್ದೆಲ್ಲ ಕೊಂಡದ್ದೇ’ ಅಂದರು. ಹುಡುಕಿದೆ. ಗುರುತಿಲ್ಲದವು ಒಂದು ಹಿಡಿಯಷ್ಟಿದ್ದವು. ‘ವಾಪಸ್ ಕೊಡೋಣ ಅಂತಲೇ ಗುರುತು ಹಾಕಿದ್ದು. ಅಷ್ಟರಲ್ಲಿ ಅವರೇ ಮನೆ ಖಾಲಿ ಮಾಡಿಕೊಂಡು ಹೋಗಿಬಿಡ್ತಿದ್ದರು. ನಾನೇನು ಮಾಡಲಿ?’

ನಂಬರಿನ ಪ್ರಕಾರ ಜೋಡಿಸಿದ್ದನ್ನು ಕೆಡವಿ ಮನೆಗಳ ಪ್ರಕಾರ ಜೋಡಿಸಿದೆ. ಮಾರುವವನಿಗೆ ಇದು ಶುದ್ಧ ಅವಿವೇಕ. ಆದರೆ ಜೋಡಿಸುತ್ತ ಹೋದಂತೆ ಒಬ್ಬೊಬ್ಬರ ರುಚಿಯೂ ಬಯಲಾಯಿತು. ಡಾಕ್ಟರ ಮಕ್ಕಳು ಫ್ಯಾಂಟಮ್ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಮಲ್ಲೇಶ್ವರದವರು ಪುಸ್ತಕಕ್ಕೆ ಕಂದು ಕಾಗದದ ರಟ್ಟು ಹಾಕಿ, ಲೇಬಲ್ ಅಂಟಿಸಿ, ಕೊಟ್ಟ ತಾರೀಕನ್ನೂ ಬರೆದಿದ್ದರು. ಸಂಬಂಧಿಕರ ಬಗ್ಗೆ ಅವರಿಗೆ ಮೊದಲೇ ಅನುಮಾನವಿತ್ತು. ಹೂವಿನ ಅಂಗಡಿಯವನ ಪ್ರತಿಗಳ ಒಳಗೆ ಬಾಳೆನಾರು ಸಿಕ್ಕಿತು, ಪುಟದ ಗುರುತಿಗೆ ಇಟ್ಟದ್ದು.

ರಾಯರು ಈಗ ಯಲಚೇನಹಳ್ಳಿ ಕಡೆ ಫ್ಲಾಟಿನಲ್ಲಿದ್ದಾರೆ. ಭಾನುವಾರ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು ನಮ್ಮ ಮನೆಗೆ ಬರುತ್ತಾರೆ, ‘ವಿಂಗಡಣೆ ಎಲ್ಲಿಗೆ ಬಂತು?’ ಎಂದು ವಿಚಾರಿಸಲು. ಕಾಫಿ ಕುಡಿದು, ಚಾಪೆಯ ಮೇಲೆ ಕೂತು, ಮಧ್ಯಾಹ್ನದವರೆಗೂ ಓದುತ್ತಾರೆ. ಕೈಯಲ್ಲಿ ಒಂದು ಬಟ್ಟೆಚೀಲ. ಹೊರಡುವಾಗ ನನ್ನ ಹೆಂಡತಿ ‘ಚೀಲ ಕೊಡಿ, ಒಂದಿಷ್ಟು ಕರಿಬೇವು ಹಾಕಿಕೊಡ್ತೀನಿ’ ಎಂದು ಇಸಿದುಕೊಂಡು ಒಳಗೆ ಹೋಗಿ ಬರುತ್ತಾಳೆ. ಗಾಂಧಿಬಜಾರಿನ ಹೀರೇಕಾಯಿ ಬಿಟ್ಟು ಈವರೆಗೆ ಅವಳಿಗೆ ಏನೂ ಸಿಕ್ಕಿಲ್ಲ. ಆದರೆ ಶಂಕರಪುರದ ಡಾಕ್ಟರ ಕಟ್ಟಿನಲ್ಲಿ ಎರಡು ಫ್ಯಾಂಟಮ್ ಕಡಿಮೆ ಬರುತ್ತಿವೆ.