ಡಿಸ್ಕ್ ಮಹಾಪ್ರಭುಗಳಿಗೊಂದು ಅರಿಕೆ

ಲ್ಯಾಪ್‌ಟಾಪಿನ ಒಳಮನೆಯಲ್ಲಿ ವಿರಾಜಮಾನರಾಗಿರುವ ಶ್ರೀಮಾನ್ ಎಸ್‌ಎಸ್‌ಡಿ ಮಹಾಪ್ರಭುಗಳ ಸನ್ನಿಧಿಗೆ, ಲಿನಕ್ಸ್ ಹಾಕಿಕೊಳ್ಳುವ ಆಸೆಗೆ ಬಿದ್ದ ಸೇವಕನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮದೇ 'ಸ್ಮಾರ್ಟ್' ಆರೋಗ್ಯ ವರದಿಯಿಂದ ತಿಳಿದು ಸಂತೋಷವಾಯಿತು. ಇತ್ತ ನಾವು ಅಷ್ಟು ಕ್ಷೇಮವಿಲ್ಲ, ಅದಕ್ಕೇ ಈ ಪತ್ರ.

ಬೇಡಿಕೆ ಸಣ್ಣದು. ಉಬುಂಟು ಎಂಬ ಲಿನಕ್ಸ್ ಕೇಳುವುದು 25 ಜಿಬಿ. ತಮ್ಮ ವಿಶಾಲ ಸಂಸ್ಥಾನದಲ್ಲಿ ಅಷ್ಟನ್ನು ಉಂಬಳಿ ಬಿಟ್ಟರೆ ಸಾಕಿತ್ತು.

ಮೊದಲಿಗೆ, ದರ್ಶನವನ್ನೇ ಕೊಡದ ತಮ್ಮ ಗಾಂಭೀರ್ಯಕ್ಕೆ ಕೃತಜ್ಞತೆಗಳು. ಪೆನ್ ಡ್ರೈವಿನಿಂದ ಬೂಟ್ ಮಾಡಿ, ಭಾಷೆ, ಕೀಬೋರ್ಡು, ವೈಫೈ ಎಲ್ಲ ಮುಗಿಸಿ ಡಿಸ್ಕ್ ಆರಿಸುವ ಪುಟಕ್ಕೆ ಬಂದರೆ, ಪಟ್ಟಿಯಲ್ಲಿ ಇರುವುದು ಆ ಪೆನ್ ಡ್ರೈವ್ ಒಂದೇ! ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ಆರ್‌ಎಸ್‌ಟಿ ಎಂದಿದ್ದರೆ ತಾವು ಪರದೆಯ ಹಿಂದೆಯೇ ಉಳಿಯುತ್ತೀರಂತೆ. ಎಎಚ್‌ಸಿಐ ಎಂದು ಬದಲಿಸಿದರೆ ಹೊರಬರುತ್ತೀರಂತೆ. ಹಾಗೆಂದು ಏಕಾಏಕಿ ಬದಲಿಸಿದರೆ ತಮ್ಮ ಹಳೆಯ ಒಕ್ಕಲು ವಿಂಡೋಸ್ ನೀಲಿ ಪರದೆ ತೋರಿಸಿ ಮಲಗಿಬಿಡುತ್ತದೆ. ಮುಂಚೆಯೇ ಅದನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಹೊಂದಿಸಿಟ್ಟು, ಆಮೇಲೆ ಬಯಾಸ್ ಬದಲಿಸಿ, ಒಂದು ಸಲ ಸೇಫ್ ಮೋಡ್‌ನಲ್ಲೇ ಎಬ್ಬಿಸಿದರೆ ತಕ್ಕ ಡ್ರೈವರ್ ತಾನೇ ಬಂದು ಕೂರುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಬಯಾಸ್‌ನ ಆ ಪುಟದಲ್ಲಿ ಒಂದು ಸಾಲು ಬರೆದಿಡದಿರುವುದು ದೊಡ್ಡವರ ಲಕ್ಷಣ.

ತಮ್ಮ ಗಾತ್ರದ ವಿಷಯದಲ್ಲಿ ನಮಗೆ ಸಂದೇಹವಿಲ್ಲ. ಡಬ್ಬದ ಮೇಲೆ 512 ಜಿಬಿ, ವಿಂಡೋಸ್‌ನಲ್ಲಿ 476. ಒಬ್ಬರು ಸಾವಿರದ ಲೆಕ್ಕ, ಇನ್ನೊಬ್ಬರು 1024ರ ಲೆಕ್ಕ ಹಿಡಿದಿದ್ದಾರೆ, ಅಷ್ಟೆ. ಏನೂ ಕಳುವಾಗಿಲ್ಲ.

ಆದರೆ ಉಂಬಳಿ ಕೇಳಿದಾಗ ತಾವು ತೋರುವ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಸಿ ಡ್ರೈವಿನ ಮುಕ್ಕಾಲು ಪಾಲು ಖಾಲಿ ಬಿದ್ದಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ 'ಶ್ರಿಂಕ್ ವಾಲ್ಯೂಮ್' ಒತ್ತಿದರೆ ಬೊಗಸೆಯಷ್ಟೂ ಬಿಡಿಸಿಕೊಡಲಾಗದು ಎನ್ನುತ್ತೀರಿ. ಕಾರಣವೇನೆಂದರೆ, ಪೇಜ್ ಫೈಲೋ ಹೈಬರ್ನೇಶನ್ ಫೈಲೋ ಹೊಲದ ನಟ್ಟನಡುವೆ ಗುಡಿಸಲು ಹಾಕಿಕೊಂಡಿರುತ್ತದೆ, ಅದನ್ನು ಕದಲಿಸುವ ಅಧಿಕಾರ ಯಾರಿಗೂ ಇಲ್ಲ. ಅವೆರಡನ್ನೂ ತಾತ್ಕಾಲಿಕವಾಗಿ ಆರಿಸಿ, ಯಂತ್ರವನ್ನು ಮತ್ತೆ ಶುರು ಮಾಡಿ ಕೇಳಿದರೆ ತಮ್ಮ ಮನಸ್ಸು ಸಾಮಾನ್ಯವಾಗಿ ಕರಗುತ್ತದೆ. ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬಯಾಸ್ ಬದಲಿಸಿದ ಮೇಲೆ ವಿಂಡೋಸ್ ರಿಕವರಿ ಕೀ ಕೇಳಬಹುದು. ಆ 48 ಅಂಕಿಗಳ ಕೀಯನ್ನು ಮೊದಲೇ ಹುಡುಕಿ ಇಟ್ಟುಕೊಂಡಿರಬೇಕು. ಬೀಗ ಹಾಕಿದ್ದೇ ಗೊತ್ತಿಲ್ಲದವರು ಕೀ ಎಲ್ಲಿ ಹುಡುಕಬೇಕು ಎಂಬ ಉದ್ಧಟ ಪ್ರಶ್ನೆಯನ್ನು ನಾನು ಕೇಳುವುದಿಲ್ಲ.

ಶಟ್ ಡೌನ್ ಕುರಿತು ಎರಡು ಮಾತು, ಅಪ್ಪಣೆಯಾದರೆ. ವಿಂಡೋಸ್ 8 ಬಂದ 2012ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡಿದೆ. ಯಂತ್ರ ಆರಿತು ಎಂದು ನಾವು ಮುಚ್ಚಳ ಮುಚ್ಚುತ್ತೇವೆ. ಅದು ನಿಜಕ್ಕೂ ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್ ಬಂದು ಬಾಗಿಲು ತಟ್ಟಿದರೆ ತಾವು 'ರೀಡ್ ಓನ್ಲಿ' ಎನ್ನುತ್ತೀರಿ. ಅಂದರೆ ನೋಡಬಹುದು, ಮುಟ್ಟಬಾರದು. ನಿದ್ದೆಗೆಡಿಸಬಾರದೆಂಬ ತಮ್ಮ ಕಾಳಜಿ ದೊಡ್ಡದು.

ತಮ್ಮ ಹಿರೀಕರನ್ನು ನೆನೆಯದಿದ್ದರೆ ಅಪಚಾರವಾದೀತು. 1983ರ ಪಿಸಿ ಡಾಸ್ 2.0 ಕಾಲದ ಎಂಬಿಆರ್ ಪದ್ಧತಿಯಲ್ಲಿ ಪಾರ್ಟಿಷನ್ ಪಟ್ಟಿಗೆ ಇದ್ದದ್ದು 64 ಬೈಟ್, ಪ್ರೈಮರಿ ಪಾರ್ಟಿಷನ್ ನಾಲ್ಕೇ. ಕೆಲವು ಲ್ಯಾಪ್‌ಟಾಪ್ ಕಂಪನಿಗಳು ಬೂಟ್, ಸಿ ಡ್ರೈವ್, ರಿಕವರಿ, ಟೂಲ್ಸ್ ಎಂದು ನಾಲ್ಕನ್ನೂ ತಾವೇ ತುಂಬಿಸಿ ಮಾರುತ್ತಿದ್ದವು. ಉಳಿದ ಖಾಲಿ ಜಾಗದ ಎದುರು ಇನ್‌ಸ್ಟಾಲರ್ 'ಅನ್‌ಯೂಸಬಲ್' ಎಂದು ತೋರಿಸುತ್ತಿತ್ತು. ಜಾಗವಿದೆ, ಖಾತೆಯಿಲ್ಲ. ಈಗಿನ ಜಿಪಿಟಿ ಪದ್ಧತಿಯಲ್ಲಿ 128 ಪಾರ್ಟಿಷನ್‌ಗೆ ಅವಕಾಶವಿದೆ, ಸಂತೋಷ. ಆದರೆ ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಾಣಿಸುತ್ತದಲ್ಲ, ಒಂದರ ಹೆಸರಿನ ಜೊತೆ ಯುಇಎಫ್‌ಐ ಎಂದು ಅಂಟಿಸಿಕೊಂಡು? ಅದನ್ನು ಬಿಟ್ಟು ಹಳೆಯ ಪದ್ಧತಿಯ ಇನ್ನೊಂದನ್ನು ಒತ್ತಿದವರ ಇನ್‌ಸ್ಟಾಲ್ ಪೂರ್ತಿ ಮುಗಿದ ಮೇಲೂ ಯಂತ್ರ ಏಳದೇ ಇರಬಹುದು.

ಇಷ್ಟೆಲ್ಲ ಪರೀಕ್ಷೆಯ ಬಳಿಕ ಡಿಸ್ಕ್ ಆರಿಸುವ ಪುಟದಲ್ಲಿ ಅತ್ಯಂತ ಸುಲಭವಾದ ಆಯ್ಕೆ ಯಾವುದು? 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಎಂಬುದು. ಮದುವೆಯ ಫೋಟೊ, ಮಗುವಿನ ಮೊದಲ ಹೆಜ್ಜೆಯ ವಿಡಿಯೊ, ಎಲ್ಲಕ್ಕೂ ಒಂದೇ ಕ್ಲಿಕ್ಕಿನಲ್ಲಿ ಮುಕ್ತಿ. 25 ಜಿಬಿ ಬಿಡಿಸಲು ಆಗದ್ದು, 512 ಜಿಬಿಯನ್ನು ಒರೆಸಿಹಾಕಲು ಆಗುತ್ತದೆ.

ಜನ ಮಾತ್ರ ಲಿನಕ್ಸ್ ಕಷ್ಟ ಎನ್ನುತ್ತಾರೆ. ಆ ಅಪಕೀರ್ತಿಯಲ್ಲಿ ಸಿಂಹಪಾಲು ತಮಗೂ ತಮ್ಮ ಹಳೆಯ ಒಕ್ಕಲಿಗೂ ಸಲ್ಲಬೇಕೆಂದು ವಿನಮ್ರವಾಗಿ ದಾಖಲಿಸುತ್ತೇನೆ.

ಇಂತಿ ತಮ್ಮ ವಿಧೇಯ,
25 ಜಿಬಿ ಆಕಾಂಕ್ಷಿ

ವಿ.ಸೂ.: ಓದುಗ ಬಂಧುಗಳೇ, ಮಹಾಪ್ರಭುಗಳು ಇಂಥ ಪತ್ರಗಳಿಗೆ ಉತ್ತರಿಸುವವರಲ್ಲ. ನಿಮ್ಮ ಕಡತಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಕಳಚಿಟ್ಟ ಮೇಲಷ್ಟೇ ಇನ್‌ಸ್ಟಾಲ್ ಒತ್ತಿ.